ಗೇರುಬೀಜದ ಕೂಲಿ ಮತ್ತು ನಮೂನೆ ‘ಡಿ’

ಕಾರ್ಕಳ, ಕುಕ್ಕುಂದೂರು ಸುತ್ತಿನ ಗೇರುಬೀಜ ಕಾರ್ಖಾನೆಗಳಲ್ಲಿ ಕಟಿಂಗ್, ಪೀಲಿಂಗ್, ಗ್ರೇಡಿಂಗ್ ಬಹುಪಾಲು ಹೆಂಗಸರದ್ದು. ಬಾಯ್ಲರ್ ಬಳಿ, ಮೂಟೆ ಹೊರುವಲ್ಲಿ ಗಂಡಸರು. ಬೀಜ ಸೀಳುವಾಗ ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆ. ತಿರುಳು ಒಡೆಯದಂತೆ ಬಿಡಿಸುವುದು ಕೂತು ಕೂತು ಕಲಿತ ಕೈಚಳಕ. ಆದರೂ ಅದು ‘ಹಗುರ ಕೆಲಸ’ವೆಂದೇ ಎಣಿಕೆಯಾಗುತ್ತ ಬಂದಿದೆ. ಈ ಎಣಿಕೆಯನ್ನು ಪ್ರಶ್ನಿಸುವ ಅಧಿಕಾರ ಸರ್ಕಾರಕ್ಕೆ ಬಂದದ್ದು ನಿಧಾನವಾಗಿ.

ಸಮಾನ ವೇತನದ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 1958ರಲ್ಲೇ ಅನುಮೋದಿಸಿತ್ತು. ಅದಕ್ಕೆ ಕಾನೂನಿನ ಬಲ ಸಿಕ್ಕಿದ್ದು ಮಹಿಳಾ ವರ್ಷವಾದ 1975ರ ಸೆಪ್ಟೆಂಬರ್‌ನ ಸುಗ್ರೀವಾಜ್ಞೆಯಿಂದ. 1976ರಲ್ಲಿ ಅದು ಕಾಯ್ದೆಯಾಯಿತು. ಅದರಡಿ ಇನ್‌ಸ್ಪೆಕ್ಟರ್ ಬಂದಾಗ ಮಾಲೀಕ ತೋರಿಸಬೇಕಿದ್ದ ರಿಜಿಸ್ಟರೇ ನಮೂನೆ ‘ಡಿ’: ಕೆಲಸದ ವಿವರ, ಗಂಡಸರೆಷ್ಟು, ಹೆಂಗಸರೆಷ್ಟು, ಸಂಬಳದ ದರವೆಷ್ಟು.

ತೊಡಕಿದ್ದದ್ದು ಅಲ್ಲೇ. ಒಂದು ವಿಭಾಗದಲ್ಲಿ ಹೆಂಗಸರೇ ಇದ್ದರೆ ಹೋಲಿಸಲು ಗಂಡಸೇ ಇಲ್ಲ.

ಹುದ್ದೆಗೆ ಬೇರೆ ಹೆಸರಿಟ್ಟು ಹೆಂಗಸರಿಗೆ ಕಡಿಮೆ ಸಂಬಳ ಕೊಡುವ ಜಾಣತನಕ್ಕೆ 1987ರಲ್ಲಿ ಸುಪ್ರೀಂ ಕೋರ್ಟ್ ಪೆಟ್ಟು ಕೊಟ್ಟಿತು. ಮೆಕಿನನ್ ಮೆಕೆಂಜಿ ಕಂಪನಿಯಲ್ಲಿ ಆಡ್ರೆ ಡಿಕೋಸ್ಟಾ ‘ಕಾನ್ಫಿಡೆನ್ಶಿಯಲ್ ಲೇಡಿ ಸ್ಟೆನೊಗ್ರಾಫರ್’. ಹುದ್ದೆಯ ಹೆಸರೇ ಬೇರೆ, ಯೂನಿಯನ್ ಜತೆ ಒಪ್ಪಂದವೂ ಆಗಿದೆ, ಕೊಡಲು ಹಣವೂ ಇಲ್ಲ ಎಂಬುದು ಕಂಪನಿಯ ವಾದ. ಮಂಡ್ಯ ಜಿಲ್ಲೆಯವರಾದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ ಬರೆದ ತೀರ್ಪು ಮೂರನ್ನೂ ತಳ್ಳಿಹಾಕಿತು. ನೋಡಬೇಕಾದ್ದು ನಿಜವಾಗಿ ಮಾಡುವ ಕೆಲಸವನ್ನು, ಹುದ್ದೆಯ ಹೆಸರನ್ನಲ್ಲ. ಹಾಗಿದ್ದರೂ ಹೆಂಗಸರನ್ನಷ್ಟೇ ಕೂರಿಸಿದ ವಿಭಾಗದ ಪ್ರಶ್ನೆ ಹಾಗೇ ಉಳಿಯಿತು. ಅದೇ ವರ್ಷ ಕಾಯ್ದೆಗೆ ಬಂದ ತಿದ್ದುಪಡಿ ಬಡ್ತಿ, ತರಬೇತಿ, ವರ್ಗಾವಣೆಯಲ್ಲಿನ ತಾರತಮ್ಯವನ್ನೂ ನಿಷೇಧಿಸಿತು. ನೊಂದವರೇ ನ್ಯಾಯಾಲಯಕ್ಕೆ ದೂರು ಕೊಡಲು ದಾರಿ ತೆರೆಯಿತು. ಇನ್‌ಸ್ಪೆಕ್ಟರ್ ಬರಲೆಂದು ಕಾಯುವ ಕಟ್ಟುಪಾಡು ತಪ್ಪಿತು.

ಆದರೆ ಕಿಲೋ ಲೆಕ್ಕದಲ್ಲಿ ಕೂಲಿ ಎಣಿಸುವ ಹೆಂಗಸು ಒಂದು ದಿನದ ಗಳಿಕೆ ಬಿಟ್ಟು ಕೋರ್ಟಿಗೆ ಅಲೆಯುವುದು ಎಷ್ಟು ಸಾಧ್ಯ? ಜಾರಿಯ ಭಾರ ಸರ್ಕಾರದ ಹೆಗಲ ಮೇಲೇ ಇರಬೇಕು.

ಈಗ 1976ರ ಕಾಯ್ದೆಯ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಇನ್‌ಸ್ಪೆಕ್ಟರ್ ಇನ್ನು ‘ಸುಗಮಕಾರ’ರೂ ಹೌದು, ದಾಖಲೆ ಇಡದ ಮಾಲೀಕನಿಗೆ ಮೊಕದ್ದಮೆಗೆ ಮುನ್ನ ತಿದ್ದಿಕೊಳ್ಳುವ ಅವಕಾಶ ಕೊಡಬೇಕು. ಇದು ಹಿಡಿತ ಸಡಿಲಿಸಿದಂತೆಯೇ. ಜತೆಗೆ ಒಂದು ಒಳ್ಳೆಯ ಬದಲಾವಣೆಯೂ ಆಗಿದೆ. ಕೆಲಸ ಒಂದೇ ಬಗೆಯದೇ ಎಂದು ಅಳೆಯಲು ಹಿಂದೆ ಕೌಶಲ, ಶ್ರಮ, ಹೊಣೆ ಇದ್ದವು. ಈಗ ಅನುಭವವೂ ಸೇರಿದೆ. ಕುಕ್ಕುಂದೂರಿನ ಕಾರ್ಖಾನೆಗೆ ಬರುವ ಅಧಿಕಾರಿ ಪೀಲಿಂಗ್ ಮೇಜಿನ ಮುಂದೆ ನಿಂತು ಅಳೆಯಬೇಕಾದದ್ದು ಅದನ್ನೇ.