ಬಕೆಟ್ಟಿನ ಕಿವಿ ಬಗ್ಗಿದರೆ ಟ್ರಾಕ್ಟರಿನ ಹೊಟ್ಟೆ ನೋಡಿ

ಊರಿನಿಂದ ಬಸ್ಸು ಹೊರಬಿದ್ದು ವೇಗ ಹಿಡಿಯುವ ಮುಂಚೆ, ಕಿಟಕಿ ಪಕ್ಕ ಕೂತವರ ಕಣ್ಣಿಗೆ ಬೀಳುವುದು ವೆಲ್ಡಿಂಗ್ ಶೆಡ್ಡುಗಳ ಸಾಲು. ಮಂಡ್ಯವಿರಲಿ, ಮದ್ದೂರಿರಲಿ, ಪಾಂಡವಪುರವಿರಲಿ, ಇಂಥ ಶೆಡ್ಡಿಲ್ಲದ ಊರಿಲ್ಲ. ಅದರ ಮುಂದೆ ಒಂದಾದರೂ ಟ್ರಾಕ್ಟರು ಮೂತಿ ಸೊಟ್ಟ ಮಾಡಿಕೊಂಡು ನಿಂತಿರುತ್ತದೆ. ಮುಂದಿನ ಬಕೆಟ್ಟಿನ ಒಂದು ಮೂಲೆ ನೆಲ ಮುಟ್ಟಿದೆ, ಇನ್ನೊಂದು ಗೇಣುದ್ದ ಮೇಲೆ ನಿಂತಿದೆ. ಪಕ್ಕದಲ್ಲಿ ಮಾಲೀಕ ಫೋನು ಕಿವಿಗೆ ಒತ್ತಿಕೊಂಡು ಯಾರಿಗೋ ಸಮಾಧಾನ ಹೇಳುತ್ತಿದ್ದಾನೆ: "ಇನ್ನೊಂದ್ ಗಂಟೆ ಕಣಣ್ಣ, ಬಂದ್ಬುಟ್ಟೆ."

ಆ ಒಂದು ಗಂಟೆಯ ಅವಸರದಲ್ಲಿ ಏನೆಲ್ಲ ಕೆಡುತ್ತದೆ ಎಂಬುದೇ ಇಂದಿನ ವಿಚಾರ.

ಟ್ರಾಕ್ಟರಿಗೆ ಮುಂದೆ ಲೋಡರ್ ಕಟ್ಟಿಸುವುದು ಈಗ ಹಳ್ಳಿ ಹಳ್ಳಿಯಲ್ಲೂ ಉಂಟು. ತಿಪ್ಪೆ ಗೊಬ್ಬರ ತುಂಬಬೇಕು, ಆಲೆಮನೆ ಮುಂದಿನ ಸಿಪ್ಪೆ ತಳ್ಳಬೇಕು, ಇಟ್ಟಿಗೆ ಗೂಡಿಗೆ ಮಣ್ಣು ಹಾಕಬೇಕು. ಹತ್ತಾಳು ಒಂದು ದಿನ ಮಾಡುವ ಕೆಲಸ ಒಂದು ಹೊತ್ತಿನಲ್ಲಿ ಮುಗಿಯುತ್ತದೆ. ಆಳು ಸಿಗದ ಕಾಲದಲ್ಲಿ ಇದನ್ನು ಬೇಡ ಎನ್ನುವವರು ಯಾರು? ಸಾಲ ಮಾಡಿ ಕಟ್ಟಿಸಿದವನು ಕಂತು ಕಟ್ಟಬೇಕಾದರೆ ಗಾಡಿ ದಿನವೂ ಓಡಬೇಕು. ತಿಪ್ಪೆ ಹೊಡೆಯುವ ತಿಂಗಳಲ್ಲಿ ಒಂದು ದಿನ ನಿಂತರೆ ಗಿರಾಕಿ ಪಕ್ಕದೂರಿನ ಗಾಡಿ ಕರೆಯುತ್ತಾನೆ. ಒಮ್ಮೆ ಹೋದ ಗಿರಾಕಿ ತಿರುಗಿ ಬರುವುದು ಎಷ್ಟು ಕಷ್ಟ ಎಂಬುದನ್ನು ಅಂಗಡಿ ಇಟ್ಟವರಿಗೆ ಹೇಳಿಕೊಡಬೇಕಿಲ್ಲ.

ಹಾಗೆ ನೋಡಿದರೆ ಇವತ್ತು ಎಲ್ಲರೂ ಬಾಯಿತುಂಬ ಕರೆಯುವ ಹಳದಿ ಜೆಸಿಬಿ ಕೂಡ ಇಂಥದೇ ಮನೆತನದ್ದು. ಇಂಗ್ಲೆಂಡಿನ ಉಟ್ಟಾಕ್ಸೆಟರ್ ಎಂಬ ಸಣ್ಣ ಊರಿನಲ್ಲಿ ಜೋಸೆಫ್ ಸಿರಿಲ್ ಬ್ಯಾಮ್ಫರ್ಡ್ ಎಂಬಾತ 1945ರಲ್ಲಿ ಯುದ್ಧದಲ್ಲಿ ಉಳಿದ ಕಬ್ಬಿಣ ತಂದು ಟ್ರೈಲರ್ ಕಟ್ಟಿ ಮಾರಿದ. ಕೆಲವೇ ವರ್ಷಗಳಲ್ಲಿ ಫೋರ್ಡ್‌ಸನ್ ಟ್ರಾಕ್ಟರಿನ ಮುಂದೆ ಹೈಡ್ರಾಲಿಕ್ ಲೋಡರ್ ಕೂರಿಸಿದ. ಅವನ ಹೆಸರಿನ ಮೂರು ಅಕ್ಷರವೇ ನಮ್ಮಲ್ಲಿ ಯಂತ್ರದ ಹೆಸರಾಯಿತು. ಆತನೂ ವೆಲ್ಡಿಂಗ್ ಶೆಡ್ಡಿನಿಂದ ಬಂದವನೇ ಎಂದು ಹೇಳಿದರೆ ನಮ್ಮ ಮೇಸ್ತ್ರಿಗಳಿಗೆ ಖುಷಿಯಾದೀತು. ಆದರೆ ವ್ಯತ್ಯಾಸ ಒಂದಿದೆ. ಇವತ್ತಿನ ಜೆಸಿಬಿ ಅಗೆಯುವುದಕ್ಕೆಂದೇ ಹುಟ್ಟಿದ ಯಂತ್ರ. ಟ್ರಾಕ್ಟರು ಎಳೆಯುವುದಕ್ಕೆ ಹುಟ್ಟಿದ್ದು. ಅದರ ಮುಂದೆ ಕಟ್ಟಿದ ಬಕೆಟ್ಟು ಸಡಿಲ ಮಣ್ಣು, ಗೊಬ್ಬರ ತುಂಬಲಿಕ್ಕೆ ಸರಿ. ಅದರಲ್ಲೇ ಬದು ಒಡೆಯುತ್ತೇನೆ, ತೆಂಗಿನ ಬೊಡ್ಡೆ ಕೀಳುತ್ತೇನೆ ಎಂದು ಹೊರಟರೆ ಏನಾಗುತ್ತದೆ?

ಕಿವಿ ಬಗ್ಗುತ್ತದೆ.

ಕಿವಿ ಎಂದರೆ ಲೋಡರಿನ ಎರಡು ತೋಳುಗಳ ತುದಿಯಲ್ಲಿ ಬಕೆಟ್ಟು ಕೂರುವ ಜಾಗ. ದಪ್ಪ ಪ್ಲೇಟಿಗೆ ತೂತು ಕೊರೆದು ಪಿನ್ನು ಹಾಕಿರುತ್ತಾರಲ್ಲ, ಅದು. ಎರಡೂ ಕಡೆಯ ತೂತು ಒಂದೇ ನೇರಕ್ಕೆ ಇದ್ದರೆ ಬಕೆಟ್ಟು ಬಾಗಿಲ ಕೀಲಿನಂತೆ ಸಲೀಸಾಗಿ ಆಡುತ್ತದೆ. ಒಂದು ಕಿವಿ ಕಾಲಿಂಚು ತಿರುಚಿದರೂ ಪಿನ್ನು ಹಿಡಿಯುತ್ತದೆ, ಬುಷ್ಷು ಒಂದು ಕಡೆ ತಿನ್ನುತ್ತದೆ, ಬಕೆಟ್ಟು ಓರೆಯಾಗುತ್ತದೆ.

ಬಗ್ಗುವುದಕ್ಕೆ ಭಾರಿ ಅಪಘಾತವೇನೂ ಬೇಕಾಗಿಲ್ಲ. ಲೋಡರ್ ಸೇರಿ ಎರಡೂವರೆ ಟನ್ ತೂಗುವ ಟ್ರಾಕ್ಟರು ಗಂಟೆಗೆ 5 ಕಿ.ಮೀ. ವೇಗದಲ್ಲಿ, ಅಂದರೆ ಮನುಷ್ಯ ನಡೆಯುವಷ್ಟೇ ವೇಗದಲ್ಲಿ ಹೋಗುತ್ತಿದೆ ಎನ್ನಿ. ಗೊಬ್ಬರದ ಅಡಿಯಲ್ಲಿ ಹೂತ ಕಲ್ಲಿಗೆ ಬಕೆಟ್ಟಿನ ಒಂದು ಮೂಲೆ ತಾಗಿ ಗಾಡಿ 5 ಸೆಂ.ಮೀ. ಒಳಗೆ ನಿಂತುಬಿಟ್ಟಿತು. ಲೆಕ್ಕ ಹಾಕಿದರೆ ಆ ಮೂಲೆಯ ಮೇಲೆ ಬಿದ್ದ ಏಟು ಸುಮಾರು 5 ಟನ್! ನೇರವಾಗಿ ನಡುವೆ ಬಿದ್ದಿದ್ದರೆ ಎರಡು ತೋಳೂ ಹಂಚಿಕೊಳ್ಳುತ್ತಿದ್ದವು. ಮೂಲೆಗೆ ಬಿದ್ದದ್ದರಿಂದ ಒಂದೇ ತೋಳು ಉಣ್ಣಬೇಕು, ಜೊತೆಗೆ ತಿರುಚುವ ಪೆಟ್ಟು ಬೇರೆ. ಡ್ರೈವರಿಗೆ ಅನ್ನಿಸುವುದು ಒಂದು 'ಧಡ್' ಮಾತ್ರ.

ಮಾಲೀಕ ಗಾಡಿ ತಂದು ಶೆಡ್ಡಿನ ಮುಂದೆ ನಿಲ್ಲಿಸಿದಾಗ ನಡೆಯುವ ಮಾತು ಹೆಚ್ಚು ಕಡಿಮೆ ಎಲ್ಲ ಕಡೆಯೂ ಒಂದೇ.

"ಆಚಾರ್ರೇ, ಒಂದ್ ಚೂರು ಕಾಯ್ಸಿ ನಾಕ್ ಏಟು ಹಾಕ್ಬುಡಿ. ಸಂಜೆಗೆ ಗಾಡಿ ಬೇಕೇಬೇಕು."

"ಹಾಕನ ಗೌಡ್ರೇ. ಮೊದ್ಲು ಕೆಳಿಕ್ಕೆ ಬಗ್ಗಿ ಹೊಟ್ಟೆ ನೋಡನ."

"ಹೊಟ್ಟೆಗೇನಾಗದೆ? ಬಗ್ಗಿರದು ಮುಂದ್ಕಡೆ."

ಇಲ್ಲಿಯೇ ಕೆಲಸ ಬಲ್ಲ ಮೇಸ್ತ್ರಿಗೂ, ಕಾಸು ಎಣಿಸುವ ಮೇಸ್ತ್ರಿಗೂ ವ್ಯತ್ಯಾಸ ಗೊತ್ತಾಗುವುದು. ಮುಂದೆ ಬಿದ್ದ ಏಟು ತೋಳಿನಲ್ಲಿ ಹರಿದು ಹಿಂದಿನ ಕಂಬಕ್ಕೆ, ಕಂಬದಿಂದ ಟ್ರಾಕ್ಟರಿನ ಹೊಟ್ಟೆಯ ಪಕ್ಕದ ಬೋಲ್ಟುಗಳಿಗೆ ಹೋಗಿರುತ್ತದೆ. ಆ ಬೋಲ್ಟು ಕೂತಿರುವುದು ಎರಕದ ಕಬ್ಬಿಣದ ಮೇಲೆ. ಪ್ಲೇಟು ಬಗ್ಗುತ್ತದೆ, ಎರಕ ಬಗ್ಗುವುದಿಲ್ಲ, ಸೀಳುತ್ತದೆ. ಕಿವಿ ರಿಪೇರಿ ಒಂದು ದಿನದ ಮಾತು. ಕ್ಲಚ್ ಹೌಸಿಂಗ್ ಸೀಳಿದರೆ ಟ್ರಾಕ್ಟರನ್ನೇ ನಡುವೆ ಎರಡು ತುಂಡು ಮಾಡಿ ಬಿಚ್ಚಬೇಕು. ಎರಕ ಬೆಸೆಯಲು ನಿಕ್ಕಲ್ ರಾಡು ಬೇಕು, ಅದು ದುಬಾರಿ, ಅದರ ಮೇಲೂ ನಂಬಿಕೆ ಅರ್ಧ.

ಹಾಗಾಗಿ ಮೊದಲು ಬೋಲ್ಟು. ತಲೆಯ ಅಂಚಿನಲ್ಲಿ ತುಕ್ಕಿನ ಕೆಂಪು ಪುಡಿ ಉದುರಿದೆಯೇ, ಬಣ್ಣ ಕಿತ್ತು ಹೊಳೆಯುವ ಕಬ್ಬಿಣ ಕಾಣುತ್ತಿದೆಯೇ ನೋಡಬೇಕು. ಹಾಗಿದ್ದರೆ ಅದು ಅಲ್ಲಾಡುತ್ತಿದೆ ಎಂದೇ ಅರ್ಥ. ಆಮೇಲೆ ಬಿರುಕು. ಇದಕ್ಕೆ ಪೇಟೆಯಲ್ಲಿ ಕೆಂಪು ಸ್ಪ್ರೇ ಸಿಗುತ್ತದೆ. ಕಾಸಿಲ್ಲದವರಿಗೆ ಹಳೆಯ ಉಪಾಯ ಇದೆ. ಜಾಗ ಚೊಕ್ಕಟ ಮಾಡಿ ಸೀಮೆಎಣ್ಣೆಯೋ ಡೀಸೆಲ್ಲೋ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒಣಗುವಂತೆ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಹಚ್ಚಬೇಕು. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಮೇಲೆ ಬಂದು ಬಿಳಿ ಸುಣ್ಣದ ಮೇಲೆ ಕೂದಲೆಳೆಯಂಥ ಗೆರೆ ಬರೆಯುತ್ತದೆ. ಗೆರೆ ಕಂಡ ಮೇಲೆ ಗೌಡರೂ ಸುಮ್ಮನಾಗುತ್ತಾರೆ. ವೆಲ್ಡಿಂಗಿಗೆ ಮುಂಚೆ ಆ ಎಣ್ಣೆಯನ್ನೆಲ್ಲ ಪೂರ್ತಿ ತೆಗೆಯಬೇಕು ಎಂಬುದು ಬೇರೆ ಮಾತು.

ಕೆಂಪು ಕಂಡರೆ ಸಾಕು, ಹಳದಿ ಬೇಡ

ತಣ್ಣಗಿರುವ ದಪ್ಪ ಪ್ಲೇಟಿಗೆ ಸಮ್ಮಟಿಗೆಯಲ್ಲಿ ಹೊಡೆದರೆ ಅದು ಒಂದಿಷ್ಟು ತಿರುಗಿ ಬರುತ್ತದೆ, ಇನ್ನೊಂದು ಕಡೆ ಬಿರಿಯುತ್ತದೆ. ಕಾಯಿಸಲೇಬೇಕು. ಆದರೆ ಎಷ್ಟು? ಕುಲುಮೆ ಮುಂದೆ ಕೂತು ಬೆಳೆದವರಿಗೆ ಥರ್ಮಾಮೀಟರ್ ಬೇಡ, ಬಣ್ಣವೇ ಲೆಕ್ಕ. ನೆರಳಿನಲ್ಲಿ ಮಾತ್ರ ಕಾಣುವಂಥ ಮಂಕು ಕೆಂಪು ಎಂದರೆ ಸುಮಾರು 600 ಡಿಗ್ರಿ. 650 ದಾಟಬಾರದು. ಆ ಬಿಸಿಗೆ ಉಕ್ಕಿನ ಬಿಗಿ ಅರ್ಧಕ್ಕೂ ಕಡಿಮೆಯಾಗಿರುತ್ತದೆ, ಜಾಕಿನಲ್ಲಿ ಒತ್ತಿದರೆ ಮೆಲ್ಲಗೆ ಬರುತ್ತದೆ. ಬಿಸಿಲಿನಲ್ಲಿ ನಿಂತು ಕಾಯಿಸುವವನಿಗೆ ಈ ಕೆಂಪು ಕಾಣುವುದೇ ಇಲ್ಲ. ಕಾಣುವ ಹೊತ್ತಿಗೆ ಕಬ್ಬಿಣ ಕಿತ್ತಳೆಯಾಗಿ ಒಳಗಿನ ಕಸು ಹೋಗಿರುತ್ತದೆ. ರಸ್ತೆ ಬದಿಯಲ್ಲಿ ನಡುಮಧ್ಯಾಹ್ನ ನಡೆಯುವ ಅರ್ಧಕ್ಕರ್ಧ ಕೆಲಸದ ಕಥೆ ಇಷ್ಟೇ.

ಇನ್ನೊಂದು ಅಪಾಯ ಕಡಿಮೆ ಬಿಸಿಯದು. 200ರಿಂದ 370 ಡಿಗ್ರಿಯ ನಡುವೆ ಉಕ್ಕು ನೀಲಿ ತಿರುಗುತ್ತದೆ. ನೋಡಲು ಚಂದ. ಆಗ ಹೊಡೆದರೆ ಗಾಜಿನ ಬುದ್ಧಿ ತೋರಿಸುತ್ತದೆ. ಕೆಂಪು ಆರಿತೆಂದರೆ ಸುತ್ತಿಗೆ ಕೆಳಗಿಡಬೇಕು, ಬೇಕಾದರೆ ಮತ್ತೆ ಕಾಯಿಸಬೇಕು.

ಮತ್ತು ನೀರು! ಅವಸರದವರು ಮಾಡುವ ದೊಡ್ಡ ಕೆಡುಕು ಇದು. ಕೆಂಪಗಿರುವಾಗಲೇ ಚೊಂಬಿನಿಂದ ನೀರು ಸುರಿದು 'ಆಯ್ತು, ಹತ್ತಿ' ಎನ್ನುತ್ತಾರೆ. ಕುಡುಗೋಲಿನ ಬಾಯಿಗೆ ನೀರು ಕುಡಿಸುವುದು ಗಡಸಾಗಲಿ ಎಂದು. ಲೋಡರಿನ ಕಿವಿಗೆ ಬೇಕಾದ್ದು ಗಡಸಲ್ಲ, ಏಟು ತಡೆಯುವ ಜಿಗುಟು. ಅದು ತಾನಾಗಿ ಗಾಳಿಯಲ್ಲಿ ಆರಬೇಕು. ಮಾಲೀಕ ಅಷ್ಟರಲ್ಲಿ ಎದುರಿನ ಹೋಟೆಲಿನಲ್ಲಿ ಎರಡು ಇಡ್ಲಿ ಹೆಚ್ಚಿಗೆ ತಿಂದರೆ ಹೋಟೆಲಿನವರಿಗೂ ಲಾಭ.

ನೇರ ಮಾಡುವುದು ಕಣ್ಣಳತೆಯ ಕೆಲಸವಲ್ಲ. ಗಾಡಿಯನ್ನು ಮಟ್ಟದ ನೆಲದ ಮೇಲೆ ನಿಲ್ಲಿಸಿ, ಎರಡೂ ಟೈರಿನ ಗಾಳಿ ಸಮ ಮಾಡಿ, ತೋಳಿನಿಂದ ತೂಗುಗುಂಡು ಬಿಟ್ಟು, ಮೂಲೆಯಿಂದ ಮೂಲೆಗೆ ದಾರ ಹಿಡಿದು ಎರಡು ಕರ್ಣವೂ ಸಮ ಬರುತ್ತದೆಯೇ ನೋಡಬೇಕು. ಮನೆ ಪಾಯ ಹಾಕುವ ಗಾರೆ ಮೇಸ್ತ್ರಿಯ ಲೆಕ್ಕವೇ. ಕಿವಿಗಳ ತೂತಿನಲ್ಲಿ ಈ ಕಡೆಯಿಂದ ಆ ಕಡೆಗೆ ಒಂದೇ ಉದ್ದನೆಯ ನೇರ ಶಾಫ್ಟು ತೂರಬೇಕು. ಅದು ಕೈಯಲ್ಲಿ ತಿರುಗುವಂತೆ ಕೂತ ಮೇಲೆ, ಶಾಫ್ಟು ಅಲ್ಲೇ ಇರುವಂತೆ ವೆಲ್ಡು ಹಾಕಬೇಕು. ಅದೂ ಒಂದೇ ಉಸಿರಿಗೆ ಅಲ್ಲ. ಈ ಬದಿಗೆ ಒಂದು ಗೆರೆ, ಆ ಬದಿಗೆ ಒಂದು ಗೆರೆ. ವೆಲ್ಡು ಆರುವಾಗ ಕುಗ್ಗಿ ಎಳೆಯುತ್ತದೆ. ಒಂದೇ ಕಡೆ ತುಂಬಿದರೆ ನೇರ ಮಾಡಿದ ಕಿವಿ ಮತ್ತೆ ಸೊಟ್ಟ! ಬಿರುಕು ಇದ್ದರೆ ಅದರ ತುದಿಯಲ್ಲಿ ಸಣ್ಣ ತೂತು ಕೊರೆದು ಓಟ ನಿಲ್ಲಿಸಿ, ಉದ್ದಕ್ಕೂ ಗ್ರೈಂಡರಿನಲ್ಲಿ ಸೀಳಿ ಬುಡದಿಂದ ತುಂಬಬೇಕು. ಮೇಲಿಂದ ಮೇಣ ಮೆತ್ತಿದಂತೆ ಮೆತ್ತಿದರೆ ಪ್ರಯೋಜನವಿಲ್ಲ.

ಶುರು ಮಾಡುವ ಮುಂಚೆ ಬ್ಯಾಟರಿ ತಂತಿ ಬಿಚ್ಚುವುದನ್ನು ಬಹಳ ಜನ ಮರೆಯುತ್ತಾರೆ. ವೆಲ್ಡಿಂಗಿನ ಅರ್ತ್ ಕ್ಲಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಹಿಡಿಸಬೇಕು. ಅನುಕೂಲವೆಂದು ಹಿಂದಿನ ಕೊಂಡಿಗೆ ಹಾಕಿದರೆ ಕರೆಂಟು ಬೇರಿಂಗುಗಳ ಮೂಲಕ ಹಾದು ಅಲ್ಲೆಲ್ಲ ಚುಕ್ಕಿ ಸುಡುತ್ತದೆ, ಆಲ್ಟರ್ನೇಟರಿನ ಡಯೋಡೂ ಹೋದೀತು.

ಹಾರ್ಡ್‌ವೇರ್ ಅಂಗಡಿಯ ಪಾಲು

ಇನ್ನು ಅಂಗಡಿಯವರ ಮಾತು. ಕಂಬ ಹಿಡಿಯುವ ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂದು ಕೊರೆದಿರುತ್ತದೆ. ಇದು ಸೈಜಲ್ಲ. 10.9 ಎಂದರೆ ಒಂದು ಚದರ ಮಿಲಿಮೀಟರಿಗೆ ಸುಮಾರು 100 ಕೆಜಿ ಎಳೆತ ತಡೆಯುವ ಉಕ್ಕು. ಗೇಟಿಗೆ, ಕಿಟಕಿಗೆ ಹಾಕುವ ಸಾಧಾರಣ 4.6 ಬೋಲ್ಟು 40 ಕೆಜಿಗೇ ಸುಸ್ತು. ಎರಡೂ ನೋಡಲು ಅಣ್ಣ ತಮ್ಮ. "ಇದೇ ಸೈಜು, ಇದನ್ನೇ ಹಾಕ್ಸಿ" ಎಂದು ತೂಕಕ್ಕೆ ಮಾರುವ ಬೋಲ್ಟು ಕೊಟ್ಟು ಕಳಿಸಿದರೆ ಅಂಗಡಿಗೆ ಆ ದಿನ ಒಂದಿಷ್ಟು ವ್ಯಾಪಾರ. ಅತ್ತ ಬಕೆಟ್ಟು ಎತ್ತಿದ ಹೊತ್ತಿಗೆ ಬೋಲ್ಟು ಕತ್ತರಿಸಿದರೆ ಕೆಳಗೆ ನಿಂತವನು ಯಾರ ಮಗನೋ.

ರಾಡಿನದೂ ಇದೇ ಕಥೆ. ಸಾಧಾರಣ ಕೆಲಸಕ್ಕೆ 6013 ರಾಡು ನಡೆಯುತ್ತದೆ, ಏಟು ತಿನ್ನುವ ಜಾಗಕ್ಕೆ 7018 ಒಳ್ಳೆಯದು. ಆದರೆ ಈ 7018 ನೀರಿನ ಪಸೆಯನ್ನು ಹೀರುತ್ತದೆ. ಮಳೆಗಾಲದಲ್ಲಿ ಒಡೆದ ಪೊಟ್ಟಣವನ್ನು ಕಟ್ಟೆಯ ಮೇಲೆ ಬಿಟ್ಟು ಮಾರಿದರೆ ವೆಲ್ಡಿನ ಒಳಗೆ ಜಲಜನಕ ಸೇರಿ, ಕೆಲಸ ಮುಗಿದು ದಿನ ಕಳೆದ ಮೇಲೆ ತಾನಾಗಿ ಬಿರುಕು ಬರಬಹುದು. ಬೈಸಿಕೊಳ್ಳುವವನು ಮಾತ್ರ ಮೇಸ್ತ್ರಿ.

ಮೇಸ್ತ್ರಿಗಳೂ ಏನು ಕಡಿಮೆಯಿಲ್ಲ. ಎತ್ತಿದ ತೋಳಿನ ಅಡಿಯಲ್ಲಿ ಬರೀ ಹೈಡ್ರಾಲಿಕ್ ನಂಬಿಕೊಂಡು ಹುಡುಗನನ್ನು ಮಲಗಿಸಿ ವೆಲ್ಡು ಹಾಕಿಸುವವರಿದ್ದಾರೆ. ಬಕೆಟ್ಟು ನೆಲಕ್ಕೆ ಇಳಿಸಿ, ಇಂಜಿನ್ ಆರಿಸಿ, ಲಿವರ್ ಹಿಂದೆ ಮುಂದೆ ಆಡಿಸಿ ಪೈಪಿನೊಳಗಿನ ಒತ್ತಡ ಬಿಟ್ಟ ಮೇಲೆಯೇ ಕೈ ಹಾಕಬೇಕು. ಇಳಿಸಲಾಗದಿದ್ದರೆ ಕಬ್ಬಿಣದ ಊರುಗಂಬ ಕೊಡಬೇಕು. ಈ ಪೈಪುಗಳಲ್ಲಿ ಎಣ್ಣೆಯ ಒತ್ತಡ ಲಾರಿ ಟೈರಿನ ಗಾಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಸೂಜಿ ಮೊನೆಯಷ್ಟು ತೂತಾದರೂ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಸೋರುವ ಜಾಗವನ್ನು ಕೈಯಾಡಿಸಿ ಹುಡುಕುವುದು ಬೇಡ, ರಟ್ಟಿನ ಚೂರು ಹಿಡಿದರೆ ಸಾಕು. ಎಣ್ಣೆ ತೂರಿದ ಬೆರಳಿನಲ್ಲಿ ಮೊದಲು ಸಣ್ಣ ಚುಕ್ಕೆ ಬಿಟ್ಟು ಏನೂ ಕಾಣುವುದಿಲ್ಲ, ನೋವೂ ಅಷ್ಟಿರುವುದಿಲ್ಲ. 'ನಾಳೆ ನೋಡೋಣ' ಎಂದವರು ಬೆರಳು ಕಳೆದುಕೊಳ್ಳುತ್ತಾರೆ. ಅಂದೇ, ಆಗಲೇ ಆಸ್ಪತ್ರೆಗೆ ಹೋಗಬೇಕು. ವೆಲ್ಡಿಂಗಿನ ಬೆಳಕು ಬರಿಗಣ್ಣಿನಲ್ಲಿ ನೋಡಿ ರಾತ್ರಿಯೆಲ್ಲ ಕಣ್ಣಿಗೆ ಆಲೂಗೆಡ್ಡೆ ಹೋಳು ಇಟ್ಟುಕೊಂಡು ನರಳುವ ಹುಡುಗರ ವಿಚಾರ ಬೇರೆಯೇ ಬರೆಯಬೇಕು.

ಕಾನೂನಿನ ಮಾತೂ ಒಂದಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ಆರ್.ಸಿ. ಪುಸ್ತಕದ ವಿವರಕ್ಕೆ ಹೊಂದದ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಲೋಡರ್ ಕಟ್ಟಿಸಿದವರು ಆರ್.ಟಿ.ಓ. ಕಚೇರಿಯಲ್ಲಿ ಒಮ್ಮೆ ವಿಚಾರಿಸುವುದು, ಇನ್ಶೂರೆನ್ಸ್ ಪಾಲಿಸಿಯಲ್ಲಿ 'ಕೃಷಿ ಬಳಕೆ' ಎಂದಷ್ಟೇ ಇದೆಯೇ ಎಂದು ಓದಿ ನೋಡುವುದು ಒಳ್ಳೆಯದು. ಬಾಡಿಗೆ ಕೆಲಸದಲ್ಲಿ ಯಾರಿಗಾದರೂ ಏಟಾದರೆ ಕ್ಲೇಮು ತಕರಾರಿಗೆ ಬೀಳಬಹುದು.

ಅಂತೂ ಗೌಡರ ಗಾಡಿ ಸಂಜೆಗೆ ಸಿಗುವುದಿಲ್ಲ, ಮರುದಿನ ಮಧ್ಯಾಹ್ನವಾಗುತ್ತದೆ. ಹೊಸ ಬುಷ್ಷಿಗೆ ಗ್ರೀಸು ತುಂಬಿ, ಖಾಲಿ ಬಕೆಟ್ಟು ಹತ್ತು ಸಲ ಎತ್ತಿಳಿಸಿ, ಎರಡು ಮೂಲೆಯೂ ಒಟ್ಟಿಗೆ ನೆಲ ಮುಟ್ಟುವುದನ್ನು ತೋರಿಸಿ ಕೊಡುತ್ತಾರೆ. ಹಿಂದುಗಡೆ ಭಾರ ಕಟ್ಟದೆ ಲೋಡು ಎತ್ತಬೇಡಿ, ಹೊಸ ಬೋಲ್ಟು ಹತ್ತು ಗಂಟೆ ಕೆಲಸವಾದ ಮೇಲೆ ಸ್ವಲ್ಪ ಸಡಿಲಿಸುತ್ತದೆ, ಬಂದು ಬಿಗಿ ಮಾಡಿಸಿಕೊಂಡು ಹೋಗಿ, ಅದಕ್ಕೆ ಕಾಸಿಲ್ಲ ಎಂದೂ ಹೇಳುತ್ತಾರೆ. ಗೌಡರು ತಲೆಯಾಡಿಸಿ ಗೇರು ಹಾಕುತ್ತಾರೆ. ಬಿಗಿ ಮಾಡಿಸಲು ತಿರುಗಿ ಬರುವವರು ಮಾತ್ರ ಬೆರಳೆಣಿಕೆ.