ಅಮ್ಮನ ಕಡೆಯಿಂದಲೂ ಬರಬಹುದೇ?

ಪ್ರಶ್ನೆ: ತಂದೆಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಗಿತ್ತು. ನನಗೂ ಬರುತ್ತದೆಯೇ? ತಾಯಿಯ ಕಡೆಯವರ ಕಾಯಿಲೆಗೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಬಂದೇ ಬರುತ್ತದೆ ಎಂದೇನಿಲ್ಲ. ಆದರೆ ತಂದೆಗೋ ಅಣ್ಣತಮ್ಮಂದಿರಿಗೋ ಇದ್ದರೆ ಅಪಾಯ ಸುಮಾರು ಎರಡು ಪಟ್ಟು. ನಿಮ್ಮ ಎರಡನೆಯ ಪ್ರಶ್ನೆ ಇನ್ನೂ ಮುಖ್ಯವಾದದ್ದು, ಕೇಳುವವರೇ ಕಡಿಮೆ. 13ನೇ ಕ್ರೋಮೋಸೋಮಿನಲ್ಲಿ ಬಿಆರ್‌ಸಿಎ2 ಎಂಬ ಜೀನ್ ಇದೆ. ತುಂಡಾದ ಡಿಎನ್‌ಎ ಎಳೆಯನ್ನು ಸರಿಯಾಗಿ ಬೆಸೆಯುವುದು ಅದರ ಕೆಲಸ. ಅದು ಕೆಟ್ಟರೆ ಜೀವಕೋಶದಲ್ಲಿ ತಪ್ಪುಗಳು ಪೇರಿಕೊಳ್ಳುತ್ತವೆ. ಹೆಂಗಸರಲ್ಲಿ ಸ್ತನ, ಅಂಡಾಶಯದ ಕ್ಯಾನ್ಸರಿಗೆ ದಾರಿ ಮಾಡುವ ಇದೇ ದೋಷ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರನ್ನು ಬೇಗ, ಅದೂ ಉಗ್ರವಾಗಿ ತರಬಲ್ಲದು. ತಾಯಿಯಲ್ಲಿದ್ದರೆ ಮಗನಿಗೆ ದಾಟುವ ಸಂಭವ ಅರ್ಧಕ್ಕರ್ಧ. ಚಿಕ್ಕಮ್ಮನ ಸ್ತನ ಕ್ಯಾನ್ಸರನ್ನು ‘ಹೆಂಗಸರ ವಿಷಯ’ ಎಂದು ಮುಚ್ಚಿಡುವ ಮನೆಗಳಲ್ಲಿ ಈ ಸುಳಿವು ಕಳೆದೇ ಹೋಗುತ್ತದೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಇಷ್ಟು ಬಲವಾದ ಒಂಟಿ ದೋಷ ಅಪರೂಪವೇ. ಬಹುತೇಕರಲ್ಲಿ ನೂರಾರು ಸಣ್ಣ ವ್ಯತ್ಯಾಸಗಳು ಚೂರುಚೂರಾಗಿ ಅಪಾಯ ಕೂಡಿಸುತ್ತವೆ.

ಎರಡೂ ಕಡೆಯವರಲ್ಲಿ ಯಾರಿಗೆ ಯಾವ ಕ್ಯಾನ್ಸರ್, ಎಷ್ಟನೇ ವಯಸ್ಸಿಗೆ ಬಂತೆಂದು ಹಾಳೆಯೊಂದರಲ್ಲಿ ಬರೆದು, 40ರ ಹೊತ್ತಿಗೆ ವೈದ್ಯರಿಗೆ ತೋರಿಸಿ. 40 ದಾಟಿದ್ದರೆ ಈ ವಾರವೇ ಹೋಗಿ. ಪ್ರಾಸ್ಟೇಟ್ ತೊಂದರೆಯ ಸುಳಿವು ಕೊಡುವ ಪಿಎಸ್‌ಎ ರಕ್ತಪರೀಕ್ಷೆಯ ಬಗ್ಗೆ ತಪ್ಪದೆ ಕೇಳಿ.