ಹತ್ತು ಎಣಿಕೆಯಿಂದ ಮೊದಲಾದ ನಂಟು

ಊರಿಗೂ ಊರಿಗೂ ನಂಟಸ್ತಿಕೆ ಬೆಳೆಸುವ ಪದ್ಧತಿ ಈಗ ಅನೇಕ ದೇಶಗಳಲ್ಲುಂಟು. ಅಮೆರಿಕದಲ್ಲಿ ಇಂಥವನ್ನು ಸೋದರಿ ನಗರಗಳೆನ್ನುತ್ತಾರೆ. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಇದಕ್ಕೆ ಪ್ರೋತ್ಸಾಹವಿತ್ತರು. ಎಷ್ಟೋ ನಂಟುಗಳು ಹಾರ ತುರಾಯಿಗಳಲ್ಲೇ ಮುಗಿಯುವುದೂ ಉಂಟು. ಆದರೆ ಅಮೆರಿಕದ ನ್ಯೂ ಹೇವನ್ ನಗರಕ್ಕೂ ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್ ದೇಶದ ರಾಜಧಾನಿಯೂ ರೇವುಪಟ್ಟಣವೂ ಆದ ಫ್ರೀಟೌನಿಗೂ 1997ರಲ್ಲಿ ಏರ್ಪಟ್ಟ ನಂಟಿನ ಬೇರು ಒಂದೂವರೆ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ.

1839ರ ಮಾತು. ಆಫ್ರಿಕದಿಂದ ಹೊಸದಾಗಿ ಗುಲಾಮರನ್ನು ತರುವುದನ್ನು ಸ್ಪೇನ್ ನಿಷೇಧಿಸಿತ್ತು. ಆದರೂ ಕಳ್ಳವ್ಯಾಪಾರ ನಿಂತಿರಲಿಲ್ಲ. ಸಿಯೆರಾ ಲಿಯೋನಿನ ಮೆಂಡೆ ಮುಂತಾದ ಜನರನ್ನು ಹಿಡಿದುತಂದು ಕ್ಯೂಬಾದಲ್ಲಿ ಮಾರಿದರು. ಕೊಂಡ ಇಬ್ಬರು ಸ್ಪೇನಿಗರು ಐವತ್ತಮೂರು ಮಂದಿಯನ್ನು ‘ಅಮಿಸ್ಟಾಡ್’ ಎಂಬ ಹಡಗಿಗೆ ಹತ್ತಿಸಿದರು. ಆ ಹೆಸರಿಗೆ ಸ್ಪೇನಿನ ನುಡಿಯಲ್ಲಿ ಗೆಳೆತನವೆಂದರ್ಥ! ನಡುಗಡಲಿನಲ್ಲಿ ಸೆಂಗ್ಬೆ ಪಿಯೆ ಎಂಬಾತನ ಮುಂದಾಳ್ತನದಲ್ಲಿ ಸೆರೆಯಾಳುಗಳು ಸರಪಳಿ ಕಳಚಿ, ಕಪ್ತಾನನನ್ನು ಕೊಂದು, ಹಡಗನ್ನು ವಶಮಾಡಿಕೊಂಡರು. ಸೂರ್ಯ ಹುಟ್ಟುವ ಕಡೆಗೆ, ತಮ್ಮ ನಾಡಿಗೆ, ನಡೆಸಿರೆಂದು ಸ್ಪೇನಿಗರಿಗೆ ಹೇಳಿದರು. ಅವರು ಹಗಲು ಪೂರ್ವಕ್ಕೆ ನಡೆಸಿ ಇರುಳು ಉತ್ತರಕ್ಕೆ ತಿರುಗಿಸುತ್ತ ಬಂದರು. ಕೊನೆಗೆ ಹಡಗು ಅಮೆರಿಕದ ನೌಕಾಪಡೆಯ ಕೈಗೆ ಸಿಕ್ಕಿತು. ಬಂದಿಗಳು ನ್ಯೂ ಹೇವನ್ನಿನ ಸೆರೆಮನೆ ಸೇರಿದರು.

ಇವರು ಕ್ಯೂಬಾದಲ್ಲೇ ಬಹುಕಾಲದಿಂದ ಇದ್ದ ಗುಲಾಮರೆಂದು ಸುಳ್ಳು ಕಾಗದಗಳು ಹೇಳುತ್ತಿದ್ದವು. ಅದು ನಿಜವೆಂದಾದರೆ ಅವರು ಧಣಿಗಳ ಸೊತ್ತು. ಆಫ್ರಿಕದಿಂದ ಆಗತಾನೆ ತಂದವರೆಂದಾದರೆ ಸ್ವತಂತ್ರರು. ಹೇಳಬೇಕಾದವರು ಅವರೇ, ಆದರೆ ಅವರ ಮಾತು ಅಲ್ಲಿ ಯಾರಿಗೂ ತಿಳಿಯದು. ಆಗ ಆ ಊರಿನ ಯೇಲ್ ವಿದ್ಯಾಲಯದ ಹೀಬ್ರೂ ಪಂಡಿತ ಜೋಸಯ ಗಿಬ್ಸ್ ಸೆರೆಮನೆಗೆ ಹೋಗಿ, ಬೆರಳುಗಳನ್ನು ತೋರಿಸಿ ತೋರಿಸಿ, ಒಂದರಿಂದ ಹತ್ತರವರೆಗಿನ ಅವರ ಎಣಿಕೆಯನ್ನು ಕಲಿತರು. ಮೆಂಡೆ ನುಡಿಯಲ್ಲಿ ಎರಡಕ್ಕೆ ಫೆಲೆ, ಮೂರಕ್ಕೆ ಸಾವಾ, ನಾಲ್ಕಕ್ಕೆ ನಾನಿ. (ನಾನಿಯನ್ನು ಕೇಳಿ ನಮ್ಮ ನಾಲ್ಕಿಗೆ ಬಳಗ ಹೂಡಹೊರಟರೆ ಭಾಷಾಶಾಸ್ತ್ರ ಒಪ್ಪದು!) ಬಳಿಕ ನ್ಯೂಯಾರ್ಕಿನ ಹಡಗುಕಟ್ಟೆಯಲ್ಲಿ ಕರಿಯ ನಾವಿಕರ ನಡುವೆ ಅದನ್ನೇ ಗಟ್ಟಿಯಾಗಿ ಹೇಳುತ್ತ ತಿರುಗಿದರು. ನೋಡಿದವರು ನಕ್ಕಿರಲೂಬಹುದು. ಕಡೆಗೊಬ್ಬ ತರುಣನಿಗೆ ಅರ್ಥವಾಯಿತು: ಬ್ರಿಟಿಷ್ ಹಡಗಿನ ನಾವಿಕ ಜೇಮ್ಸ್ ಕೋವಿ. ಮೆಂಡೆ ಬಲ್ಲ ಅವನೂ ಬಾಲ್ಯದಲ್ಲಿ ಗುಲಾಮರ ಹಡಗು ಹತ್ತಿದವನೇ. ಬ್ರಿಟಿಷರು ಬಿಡಿಸಿ ಫ್ರೀಟೌನಿನಲ್ಲಿ ಇಳಿಸಿದ್ದರು. ಆ ಊರನ್ನು 1792ರಲ್ಲಿ ನೆಲೆಗೊಳಿಸಿದವರೂ ದಾಸ್ಯದಿಂದ ಬಿಡುಗಡೆ ಹೊಂದಿದವರೇ.

ಕೋವಿಯ ಬಾಯಿಂದ ಬಂದಿಗಳ ಕಥೆ ನ್ಯಾಯಾಲಯ ಮುಟ್ಟಿತು. ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಅವರ ಪರವಾಗಿ ವಾದಿಸಿದರು. 1841ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅವರು ಸ್ವತಂತ್ರರೆಂದು ತೀರ್ಪಿತ್ತಿತು. ಊರಿಗೆ ಕಳುಹಿಸುವ ವೆಚ್ಚ ಮಾತ್ರ ಸರ್ಕಾರದಿಂದ ಬರಲಿಲ್ಲ, ದಾನಿಗಳು ಕೂಡಿಸಿಕೊಟ್ಟರು. 1842ರ ಜನವರಿಯಲ್ಲಿ ಫ್ರೀಟೌನಿನ ರೇವಿನಲ್ಲಿ ಇಳಿದವರು ಮೂವತ್ತೈದೇ ಮಂದಿ.

ಆ ಸೆರೆಮನೆಯಿದ್ದ ಜಾಗದಲ್ಲಿ, ನ್ಯೂ ಹೇವನ್ನಿನ ನಗರಸಭಾ ಭವನದ ಮುಂದೆ, 1992ರಿಂದ ಸೆಂಗ್ಬೆ ಪಿಯೆಯ ಕಂಚಿನ ಸ್ಮಾರಕ ನಿಂತಿದೆ. ನಂಟು ಕುದುರಿದ 1997ರಲ್ಲಿ ಸಿಯೆರಾ ಲಿಯೋನ್ ಅಂತರ್ಯುದ್ಧದಲ್ಲಿ ಬೇಯುತ್ತಿತ್ತು. ಯುದ್ಧ 2002ರಲ್ಲಿ ಮುಗಿಯಿತು. ಅಮೆರಿಕದಲ್ಲಿ ಕಟ್ಟಿದ ಅಮಿಸ್ಟಾಡಿನ ಪ್ರತಿರೂಪದ ಹಡಗು 2007ರ ಡಿಸೆಂಬರಿನಲ್ಲಿ ಅದೇ ಫ್ರೀಟೌನಿನ ರೇವಿಗೆ ಬಂದು ಲಂಗರು ಹಾಕಿತು.